ನೀಲಿ ಹಾಕಿದ ಪಂಚೆ, ಅರಿಶಿನದ ಮುಖ: ರಾ ಫೋಟೋ ತಿದ್ದಿದ ನನ್ನ ಅನುಭವ

"ಮದುವೆಯನ್ನ ರಾದಲ್ಲಿ ತೆಗೀತೀಯಾ? ಹಾರ್ಡ್‌ಡಿಸ್ಕ್ ಕೊಂಡೇ ಮುಳುಗಿ ಹೋಗ್ತೀಯ" ಅಂದಿದ್ದರು ಗಂಗಾವತಿಯ ನಮ್ಮ ಫೋಟೋಗ್ರಾಫರ್ ಗೆಳೆಯರು. ರಾ ಅಂದರೆ ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ದೊಡ್ಡ ಫೈಲ್. ಎರಡು ಸೀಸನ್ ಕಳೆದಿದೆ. ಈಗ ಅವರಲ್ಲೇ ಮೂವರು ರಾ ಫೋಟೋ ತಿದ್ದಿಸಲು ಮೆಮೊರಿ ಕಾರ್ಡ್ ಹಿಡಿದು ನನ್ನ ಅಂಗಡಿಗೆ ಬರುತ್ತಾರೆ.

ನನ್ನನ್ನು ಈ ಕಡೆ ತಿರುಗಿಸಿದ್ದು ಒಂದು ಅರಿಶಿನ ಶಾಸ್ತ್ರ. ಮೇಲೆ ಹಳದಿ ಶಾಮಿಯಾನ, ಮೈತುಂಬ ಅರಿಶಿನ. ಕ್ಯಾಮೆರಾ ತಾನೇ ಬಣ್ಣ ಹಾಕಿ, ಕುಗ್ಗಿಸಿ ಕೊಡುವ ಜೆಪೆಗ್ ಫೈಲ್‌ನಲ್ಲಿ ಮದುಮಗಳಿಗೆ ಕಾಮಾಲೆ ಬಂದ ಹಾಗೆ ಕಂಡಿತು. ಬಣ್ಣ ತಿದ್ದಲು ಸ್ಲೈಡರ್ ಎಳೆದಷ್ಟೂ ಕೆನ್ನೆ ಮೇಲೆ ಪಟ್ಟೆ ಪಟ್ಟೆ. ಮನೆಯವರು ಆಲ್ಬಮ್ ವಾಪಸ್ ಕೊಟ್ಟರು. ಮತ್ತೆ ಪ್ರಿಂಟ್ ಹಾಕಿಸಲು 16-17 ಸಾವಿರ ಕೈಬಿಟ್ಟಿತು.

ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಸ್ಥಿತಿ ಇರಲಿಲ್ಲ. ರಾ ತಿದ್ದುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್ ಪುಕ್ಕಟೆ, ಅದನ್ನೇ ಹಾಕಿಕೊಂಡೆ. ವೈಟ್ ಬ್ಯಾಲೆನ್ಸ್‌ಗೆ, ಅಂದರೆ ಬಿಳಿ ಯಾವುದು ಅಂತ ಸಾಫ್ಟ್‌ವೇರ್‌ಗೆ ತೋರಿಸಲು, ಮದುಮಗನ ಪಂಚೆ ಮೇಲೆ ಕ್ಲಿಕ್ ಮಾಡುತ್ತಿದ್ದೆ. ಮುಖ ಇನ್ನೂ ಹಳದಿಯಾಗುತ್ತಿತ್ತು! ಕಾರಣ ಹೊಳೆಯಲು ಹದಿನೈದು ದಿನ ಬೇಕಾಯಿತು. ಪಂಚೆಗೆ ನೀಲಿ ಹಾಕಿರುತ್ತಾರೆ ಅಲ್ವಾ? ನಮ್ಮ ಕಣ್ಣಿಗೆ ಅದು ಬಿಳಿ, ಸೆನ್ಸರ್‌ಗೆ ತುಸು ನೀಲಿ. ಆ ನೀಲಿ ಕಳೆಯಲು ಹೋಗಿ ಸಾಫ್ಟ್‌ವೇರ್ ಇಡೀ ಫೋಟೋಗೆ ಹಳದಿ ಬಳಿಯುತ್ತದೆ. ಅವತ್ತಿನಿಂದ ಪಂಚೆ ಸಹವಾಸ ಬಿಟ್ಟೆ. ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಹಲಗೆ, ಗ್ರೇ ಕಾರ್ಡ್, ಜೇಬಲ್ಲೇ ಇರುತ್ತದೆ. ಬೆಳಕು ಬದಲಾದಾಗಲೆಲ್ಲ ಅಲ್ಲೇ ನಿಂತವರ ಕೈಗೆ ಕೊಟ್ಟು ಒಂದು ಫ್ರೇಮ್. ಆಮೇಲೆ ಪಂಚೆ ಬದಲು ಅದರ ಮೇಲೆ ಕ್ಲಿಕ್.

ಸ್ಟೇಜಿನ ಎಲ್‌ಇಡಿ ಇನ್ನೊಂದು ಕಾಟ. ಬೆಳಕು ಮಿತಿ ಮೀರಿ ಕೆಂಪು ಚಾನೆಲ್ ಪೂರ್ತಿ ಹಾರಿಹೋದರೆ ರಾ ಇದ್ದರೂ ಅಷ್ಟೇ: ಸೀರೆಯ ನೆರಿಗೆ, ಜರಿ ಒಂದೂ ಉಳಿಯಲ್ಲ. ಈಗ ಕ್ಯಾಮೆರಾದಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಮ್ (ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿಕೊಂಡು 0.7 ಸ್ಟಾಪ್ (ಒಂದು ಸ್ಟಾಪ್ ಕಡಿಮೆ ಅಂದರೆ ಅರ್ಧ ಬೆಳಕು) ಕಡಿಮೆ ತೆಗೆದು, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಬೆಳಕು ಎತ್ತುತ್ತೇನೆ. ನೆರಳಲ್ಲಿ ಸ್ವಲ್ಪ ನಾಯ್ಸ್, ಅಂದರೆ ಮರಳು ಮರಳು, ಬರುತ್ತದೆ, ಆಲ್ಬಮ್‌ನಲ್ಲಿ ಯಾರಿಗೂ ಕಾಣಲ್ಲ. ಎರಡು ಥರದ ಬೆಳಕಿದ್ದರೆ ಡಾರ್ಕ್‌ಟೇಬಲ್‌ನ ಬಣ್ಣ ಸರಿಮಾಡುವ ಕಲರ್ ಕ್ಯಾಲಿಬ್ರೇಶನ್ ಎರಡು ಸಲ ಹಾಕಿ: ಮುಖವನ್ನಷ್ಟೇ ಗುರುತು ಮಾಡುವ ಮಾಸ್ಕ್ ಹಾಕಿ ಒಂದು, ಉಳಿದದ್ದಕ್ಕೆ ಇನ್ನೊಂದು. ಅರಿಶಿನದ ಮುಖಕ್ಕೆ ನಾನು ಇಡುವ ನಂಬರ್ ಮಾತ್ರ ಹೇಳಲ್ಲ. ಎರಡು ಸೀಸನ್ ನಿದ್ದೆಗೆಟ್ಟು ಗಳಿಸಿದ್ದು ಅದು.

ಆಷಾಢದಲ್ಲಿ ಕೆಲಸವಿಲ್ಲದಾಗ ಬಣ್ಣ ಹಚ್ಚಿದ ಒಂದು ಕಿನ್ನಾಳದ ಮರದ ಗೊಂಬೆ ತಂದು ಕಿಟಕಿ ಹತ್ತಿರ ಇಟ್ಟೆ. ಆ ಕೆಂಪು, ಆ ಹಳದಿ ಪರದೆ ಮೇಲೆ ಹಾಗೇ ಬರುವವರೆಗೂ ತಿದ್ದಿದೆ. ಬಂತು. ಪ್ರಿಂಟ್ ಹಾಕಿಸಿದರೆ ಕಪ್ಪು! ಮಾನಿಟರ್ ಬ್ರೈಟ್‌ನೆಸ್ ಜಾಸ್ತಿ ಇಟ್ಟುಕೊಂಡಿದ್ದೆ. ಅರ್ಧಕ್ಕೂ ಕೆಳಗೆ ಇಳಿಸಿದ ಮೇಲೆ ಪ್ರಿಂಟೂ ಪರದೆಯೂ ಒಂದಾದವು. ಅದೇ ತಿಂಗಳು ಇಟಗಿಯ ಮಹಾದೇವ ದೇವಸ್ಥಾನಕ್ಕೂ ಹೋಗಿದ್ದೆ. 1112ರ ಗುಡಿ. ಒಳಗೆ ಕತ್ತಲು, ಬಾಗಿಲಾಚೆ ಉರಿಬಿಸಿಲು. ಬಿಸಿಲಿಗೆ ಸರಿಯಾಗಿ ತೆಗೆದು ನೆರಳು ಎತ್ತಿದಾಗ ಕಂಬದ ಕುಸುರಿ ಒಂದೊಂದೇ ಎದ್ದು ಬಂತು. ಸುಮಾರು ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಗೆಳೆಯರು ಹೇಳಿದ ಡಿಸ್ಕ್ ಖರ್ಚು ಸುಳ್ಳಲ್ಲ. ಮದುವೆಗೆ ಮೂರು ಸಾವಿರ ಫೋಟೋ ಅಂದರೆ 80 ಜಿಬಿ ಹತ್ತಿರ. 4 ಟಿಬಿ ಡಿಸ್ಕ್ ಎರಡಕ್ಕೆ 20 ಸಾವಿರ ಹೋಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು ಬೇರೆ. ಹೊಸ ಡಿಸ್ಕ್‌ಗೆ ಬರೀ ರಾ ಫೈಲ್ ಕಾಪಿ ಮಾಡಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದೆ. ತಿದ್ದಿದ್ದೆಲ್ಲ ಇರುವುದು ಪಕ್ಕದ ಪುಟ್ಟ ಎಕ್ಸ್‌ಎಂಪಿ ಫೈಲ್‌ನಲ್ಲಿ. ಅವನ್ನು ತೆಗೆದುಕೊಂಡಿರಲಿಲ್ಲ. ನಾಲ್ಕು ರಾತ್ರಿಯ ಕೆಲಸ ಮತ್ತೆ ಮೊದಲಿನಿಂದ.

ಈಗ ಸಿಂಧನೂರು, ಕಾರಟಗಿಯಿಂದಲೂ ಫೈಲ್ ಬರುತ್ತವೆ. ಒಂದು ಮದುವೆ ತಿದ್ದಿಕೊಡಲು 4 ಸಾವಿರ ತೆಗೆದುಕೊಳ್ಳುತ್ತೇನೆ. ಜೆಪೆಗ್ ತಂದರೆ ಕೈ ಹಾಕುವುದಿಲ್ಲ.