ದೋಣಿ ಮೋಟರ್ ಫುಲ್ ಸ್ಪೀಡಲ್ಲಿ ಸೊರಗ್ತಿದ್ದಿದ್ದು, ಸರಿ ಮಾಡಿದ್ದು ಹೀಗೆ

ಸೆಕೆಂಡ್ ಹ್ಯಾಂಡ್ 12 ಅಡಿ ಮೀನು ಹಿಡಿಯೋ ದೋಣಿ, ಮುಂದೆ 12 ವೋಲ್ಟಿನ 55 ಪೌಂಡ್ ಥ್ರಸ್ಟ್ (ತಳ್ಳೋ ಬಲ) ಎಲೆಕ್ಟ್ರಿಕ್ ಮೋಟರ್, ಬ್ಯಾಟರಿ ಹಿಂದೆ. ನಿಧಾನಕ್ಕೆ ಹೋದ್ರೆ ಏನೂ ಇಲ್ಲ, ಫುಲ್ ಕೊಟ್ರೆ ಎರಡೇ ನಿಮಿಷಕ್ಕೆ ಸೊರಗಿ ಬ್ರೇಕರ್ (ಕರೆಂಟ್ ಮಿತಿ ಮೀರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಟ್ರಿಪ್ ಆಗೋದು.

ಪ್ರೊಪೆಲರ್ ಬಿಚ್ಚಿ ಹಿಂದೆ ಸುತ್ಕೊಂಡಿದ್ದ ಗಾಳದ ದಾರ ತೆಗ್ದೆ, ಆಗ್ಲಿಲ್ಲ. ಹೊಸ ಡೀಪ್ ಸೈಕಲ್ ಬ್ಯಾಟರಿ (ತುಂಬಾ ಹೊತ್ತು ಕರೆಂಟ್ ಕೊಡೋ ಥರದ್ದು) ಹಾಕ್ದೆ, ದುಡ್ಡು ಹೋಯ್ತು ಅಷ್ಟೇ. ದೊಡ್ಡ ಬ್ರೇಕರ್ ಹಾಕೋಣ ಅನ್ನೋ ಯೋಚ್ನೆನೂ ಬಂದಿತ್ತು, ಅದನ್ನಂತೂ ಮಾಡ್ಬೇಡಿ, ವೈರ್ ಸುಡುತ್ತೆ.

ಕೊನೆಗೆ ಮೋಟರ್ ನೀರಲ್ಲಿ ಫುಲ್ ಓಡ್ತಿರುವಾಗ್ಲೇ ಮಲ್ಟಿಮೀಟರ್ ಇಟ್ಟು ನೋಡಿದ್ರೆ ಬ್ಯಾಟರಿ ಹತ್ರ 12.2 ವೋಲ್ಟ್, ಮೋಟರ್ ತುದೀಲಿ 10.3, ಅಂದ್ರೆ ನಡುವಿನ ವೈರಲ್ಲೇ ಹತ್ರತ್ರ 2 ವೋಲ್ಟ್ ಹೋಗ್ತಿತ್ತು. ಹಳೇ ಓನರ್ ಎಳೆದಿದ್ದು 4 ಸ್ಕ್ವೇರ್ ಎಂಎಂ ವೈರು, ಸಿಪ್ಪೆ ಸುಲಿದ್ರೆ ಒಳಗೆ ತಾಮ್ರ ಹಸಿರು ಪುಡಿ, ಬ್ರೇಕರ್ ಹತ್ರದ ಲಗ್ (ವೈರ್ ತುದಿಗೆ ಹಾಕೋ ಲೋಹದ ಕೊಂಡಿ) ಕೈ ಇಡೋಕಾಗದಷ್ಟು ಬಿಸಿ. 50 ಆಂಪ್ಸ್ ಎಳೆಯೋ ಮೋಟರಿಗೆ ಅದು ಎಲ್ಲಿ ಸಾಕು, ಹೋಗಿ ಬರೋ ದಾರಿ ಸೇರಿ 8 ಮೀಟರ್ ಬೇರೆ.

ಮೊದ್ಲು ಬ್ಯಾಟರಿ ನೆಗೆಟಿವ್ ಬಿಚ್ಚಿ, ಹಳೇ ವೈರ್ ಪೂರ್ತಿ ಕಿತ್ತು 16 ಸ್ಕ್ವೇರ್ ಎಂಎಂ ಟಿನ್ ಕೋಟಿಂಗ್ ತಾಮ್ರದ ಕೇಬಲ್ ಎಳೆದೆ. ಲಗ್ ಸುತ್ತಿಗೇಲಿ ಬಡೀದೆ ಕ್ರಿಂಪಿಂಗ್ ಟೂಲಲ್ಲೇ ಒತ್ತಿ, ಮೇಲೆ ಒಳಗಡೆ ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋ ಕೊಳವೆ) ಹಾಕ್ದೆ. 60 ಆಂಪ್ ಬ್ರೇಕರನ್ನ ಬ್ಯಾಟರಿ ಪಾಸಿಟಿವಿಂದ ಒಂದು ಗೇಣಿನೊಳಗೆ ಕೂರಿಸ್ದೆ, ಮುಂಚೆ ಮೋಟರ್ ಹತ್ರ ಇತ್ತು, ಅಲ್ಲಿದ್ರೆ ನಡುವಿನ ವೈರಿಗೆ ರಕ್ಷಣೆನೇ ಇಲ್ಲ. ಕರಿ (ನೆಗೆಟಿವ್) ವೈರ್ ಸೀದಾ ಬ್ಯಾಟರಿಗೆ, ದೋಣಿ ಮೈಗೆ ಎಲ್ಲೂ ಮುಟ್ಟಿಸ್ಬಾರ್ದು. ಬ್ಯಾಟರಿ ನೆಗೆಟಿವ್ ಮತ್ತೆ ಹಾಕಿದ್ದು ಎಲ್ಲಾ ಆದ್ಮೇಲೆ ಕೊನೇಲಿ.

ಈಗ ಫುಲ್ ಸ್ಪೀಡಲ್ಲಿ ಮೋಟರ್ ತುದೀಲಿ 11.7 ವೋಲ್ಟ್ ಬರುತ್ತೆ, ಅರ್ಧ ಗಂಟೆ ಓಡಿಸಿದ್ರೂ ಲಗ್ ತಣ್ಣಗಿದೆ.