ಗೋಸುಂಬೆ ಗೂಡಿನ ಗಿಡ ಬಾಡದಿರಲು

ಅಮೆರಿಕದಲ್ಲಿರುವ ನಮ್ಮ ಮಕ್ಕಳ ಮನೆಗಳಲ್ಲಿ ನಾಯಿ, ಬೆಕ್ಕಿನ ಜೊತೆಗೆ ಈಗ ಗೋಸುಂಬೆಯೂ ಬಂದು ಕೂತಿದೆ. ಹೆಚ್ಚಿನವರು ತರುವುದು ಯೆಮೆನ್, ಸೌದಿ ಕಡೆಯ ವೇಲ್ಡ್ ಕಮೀಲಿಯನ್ ಅನ್ನುವ ಗೋಸುಂಬೆ, ಇಲ್ಲವೇ ಮಡಗಾಸ್ಕರಿನ ಪ್ಯಾಂಥರ್ ಅನ್ನುವ ಗೋಸುಂಬೆ. ಊರಿನ ಬೇಲಿ ಮೇಲೆ ಸಿಗುವ ನಮ್ಮ ಗೋಸುಂಬೆಯನ್ನು ಮಾತ್ರ ಹಿಡಿದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಅದರ ಗೂಡಿನೊಳಗೆ ಕುಂಡದಲ್ಲಿಟ್ಟ ಗಿಡ ನೋಡಿಕೊಳ್ಳುವುದು ನಮ್ಮಂಥವರ ಪಾಲಿಗೇ ಬರುತ್ತದೆ, ಅಲ್ವಾ? ಹಿತ್ತಿಲಲ್ಲಿ ಗಿಡ ಬೆಳೆಸಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಹಿತ್ತಿಲಿನ ಬುದ್ಧಿ ಇಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಗಿಡಕ್ಕೆ ಹಾಕಿದ್ದು ಕೊನೆಗೆ ಆ ಪ್ರಾಣಿಯ ಹೊಟ್ಟೆಗೇ ಹೋಗುತ್ತದೆ. ಬಟ್ಟಲಿನ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಎಲೆ ಮೇಲಿನ ಹನಿಯನ್ನೇ ನೆಕ್ಕುತ್ತದೆ. ವೇಲ್ಡ್ ಅಂತೂ ಎಲೆಯನ್ನೇ ಕಚ್ಚಿ ತಿನ್ನುತ್ತದೆ.

ಹಾಗಾಗಿ ನರ್ಸರಿಯಿಂದ ತಂದ ಗಿಡವನ್ನು ಅವತ್ತೇ ಗೂಡಿಗೆ ಇಡಬೇಡಿ. ಅಂಗಡಿಯವರು ಏನು ಸಿಂಪಡಿಸಿರುತ್ತಾರೋ ಯಾರಿಗೆ ಗೊತ್ತು. ಕೆಲವು ಔಷಧಿ ಬೇರಿನಿಂದ ಎಲೆಯ ಒಳಗೇ ಏರಿರುತ್ತದೆ, ತೊಳೆದರೂ ಹೋಗುವುದಿಲ್ಲ. ಮೇಲಿನದಾದರೂ ಹೋಗಲಿ ಅಂತ ಎಲೆಗಳ ಎರಡೂ ಬದಿ ತೊಳೆಯಿರಿ. ಹಳೆ ಮಣ್ಣು ಕೊಡವಿ ಬೇರೆ ಮಣ್ಣಿಗೆ ನೆಟ್ಟು, ಕೆಲವು ವಾರ ಹೊರಗೇ ಬೆಳೆಸಿ. ಹೊಸ ಚಿಗುರು ಚೆನ್ನಾಗಿ ಬಂದ ಮೇಲೆ ಒಳಗಿಡಿ. ಮಣ್ಣಿನಲ್ಲಿ ಪರ್ಲೈಟ್ (ಕುಂಡದ ಮಣ್ಣು ಹಗುರಾಗಲು ಬೆರೆಸುವ ಬಿಳಿ ಕಲ್ಲಿನ ಚೂರು), ಗೊಬ್ಬರದ ಗುಳಿಗೆ ಇರಬಾರದು. ಹುಳ ಅಂದುಕೊಂಡು ಗೋಸುಂಬೆ ಅದಕ್ಕೂ ನಾಲಿಗೆ ಚಾಚುತ್ತದೆ. ಮಣ್ಣಿನ ಮೇಲೆ ಅದರ ಬಾಯಿಗೆ ಹಿಡಿಯದಷ್ಟು ದೊಡ್ಡ ಕಲ್ಲು ಜೋಡಿಸಿ.

ಯಾವ ಗಿಡ ಅಂದರೆ, ನನ್ನ ಮೊದಲ ಓಟು ದಾಸವಾಳಕ್ಕೆ. ಎಲೆ, ಹೂವು ತಿಂದರೂ ತೊಂದರೆ ಇಲ್ಲ. ಮನಿ ಪ್ಲಾಂಟ್, ಅಂಬ್ರೆಲಾ ಪ್ಲಾಂಟ್ (ಶೆಫ್ಲೆರಾ) ಗಟ್ಟಿ ಜೀವ, ಸಾಕುವವರು ಬಹಳ ಕಾಲದಿಂದ ಇಡುತ್ತಾ ಬಂದಿದ್ದಾರೆ. ಆದರೆ ಅವುಗಳ ರಸ ಬಾಯಿಗೆ ತುರಿಕೆ ತರುವಂಥದ್ದು. ನಿಮ್ಮದು ಎಲೆ ಮೇಯುವ ಜಾತಿಯಾದರೆ ದಾಸವಾಳವೇ ಲೇಸು. ಕಣಗಿಲೆ, ಎಕ್ಕ ಹತ್ತಿರಕ್ಕೂ ಬೇಡ.

ಗೂಡಿನ ಗಿಡ ಸೊರಗಲು ದೊಡ್ಡ ಕಾರಣ ಬೆಳಕು ಸಾಲದಿರುವುದು. ಗೋಸುಂಬೆಗೆಂದು ಹಾಕಿದ ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪ) ಅದರ ಮೂಳೆಗೆ ಬೇಕು, ಗಿಡಕ್ಕೆ ಅಷ್ಟೇ ಸಾಲದು. ಪಕ್ಕದಲ್ಲೇ ಹಗಲಿನ ಬೆಳಕಿನಂಥ ಬಿಳಿ ಬಣ್ಣದ (6500 ಕೆಲ್ವಿನ್) ಒಂದು ಎಲ್‌ಇಡಿ ಪಟ್ಟಿ ಇಟ್ಟು ದಿನಕ್ಕೆ 12 ಗಂಟೆ ಉರಿಸಿ. ನಾಲ್ಕು ಅಡಿ ಎತ್ತರದ ಗೂಡಿನಲ್ಲಿ ತಳಕ್ಕೆ ಬೆಳಕು ಇಳಿಯುವುದು ಕಮ್ಮಿ. ಅದಕ್ಕೇ ದಾಸವಾಳ ಮೇಲೆ, ನೆರಳು ತಡೆಯುವ ಮನಿ ಪ್ಲಾಂಟ್ ಕೆಳಗೆ. ಬಿಸಿ ಕೊಡುವ ಬಲ್ಬಿನ ಕೆಳಗೆ ಬರಿಗೈ ಹಿಡಿದು ನೋಡಿ. ಕೈ ಸುಡುವ ಜಾಗದಲ್ಲಿ ಎಲೆಯೂ ಸುಡುತ್ತದೆ. ಗಿಡ ಸೊಂಪಾಗಿದೆ ಅಂತ ಯುವಿಬಿ ದೀಪವನ್ನು ಎಲೆಯಿಂದ ಪೂರ್ತಿ ಮುಚ್ಚಿಸಲೂಬೇಡಿ. ಕತ್ತರಿ ಹಾಕಿ, ಬಿಸಿಲು ಕಾಯಲು ಒಂದು ಬೋಳು ಕೊಂಬೆ ಬಿಡಿ.

ಇನ್ನು ನೀರು. ಬೆಳಿಗ್ಗೆ, ರಾತ್ರಿ ಮಂಜಿನ ಹಾಗೆ ಸಿಂಪಡಿಸುವುದು ಗೋಸುಂಬೆ ಕುಡಿಯಲು. ಅದೇ ನೀರು ಕುಂಡಕ್ಕೂ ಇಳಿಯುತ್ತದೆ. ಅದರ ಮೇಲೆ ನಾವು ಚೊಂಬು ಹಿಡಿದು ಮತ್ತೆ ಹೊಯ್ದರೆ ಬೇರು ಕೊಳೆಯದೆ ಇನ್ನೇನಾಗುತ್ತದೆ? ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ತೂತಿರುವ ಮಣ್ಣಿನ ಕುಂಡವೇ ಒಳ್ಳೆಯದು, ತೇವ ಬೇಗ ಆರುತ್ತದೆ. ಕುಂಡವನ್ನು ತಟ್ಟೆಯ ನೀರಿನಲ್ಲಿ ಕೂರಿಸದೆ ಕೆಳಗೆ ಎರಡು ಚಕ್ಕೆ ಇಡಿ. ಮಣ್ಣಿನಿಂದ ಸಣ್ಣ ಕರಿ ನೊಣ ಏಳುತ್ತಿದ್ದರೆ ನೀರು ಜಾಸ್ತಿಯಾಗಿದೆ ಅಂತಲೇ ಲೆಕ್ಕ. ಎಲೆ ಮೇಲೆ ಬಿಳಿ ಕಲೆ ಕೂತರೆ ಅದು ರೋಗ ಅಲ್ಲದೆಯೂ ಇರಬಹುದು, ಗಡಸು ನೀರಿನ ಸುಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆರ್‌ಓ ನೀರು ಸಿಂಪಡಿಸಿ. ಹಿಕ್ಕೆ ಬಿದ್ದ ಎಲೆಯನ್ನು ಅವತ್ತಿಂದವತ್ತೇ ತೊಳೆಯಿರಿ, ಅಲ್ಲಿಂದಲೇ ಅದು ನೀರು ಕುಡಿಯೋದು.

ಗಿಡದಲ್ಲಿ ಹೇನು ಕಂಡ ಕೂಡಲೇ ನಮ್ಮ ಕೈ ಬೇವಿನೆಣ್ಣೆಗೆ, ಹೊಗೆಸೊಪ್ಪಿನ ಕಷಾಯಕ್ಕೆ ಹೋಗುತ್ತದೆ. ಗೂಡಿನಲ್ಲಿ ಎರಡೂ ಬೇಡ. ಹೊಗೆಸೊಪ್ಪು ಗೋಸುಂಬೆಗೆ ವಿಷವೇ. ಕುಂಡವನ್ನೇ ಹೊರಗೆ ತಂದು ನಲ್ಲಿ ಕೆಳಗೆ ಹಿಡಿದು ತೊಳೆಯಿರಿ. ಸೆಗಣಿ ಗೊಬ್ಬರವೂ ಹೊರಗಿದ್ದಾಗಲೇ.

ಇದಕ್ಕೆಲ್ಲ ಅನುಕೂಲವಾಗಲಿ ಅಂತ ಪ್ರತಿ ಗಿಡಕ್ಕೂ ಒಂದು ಜೋಡಿ ಇಟ್ಟುಕೊಳ್ಳಿ. ಒಂದು ಗೂಡಿನಲ್ಲಿ, ಇನ್ನೊಂದು ಕಿಟಕಿಯ ಬಿಸಿಲಲ್ಲಿ. ಒಳಗಿನದು ಸೊರಗಿದರೆ ಬದಲಾಯಿಸಿ. ಬದಲಾಯಿಸುವಾಗ ಕುಂಡದ ಸಂದಿಯನ್ನು ಸುಮ್ನೆ ಒಮ್ಮೆ ಇಣುಕಿ ನೋಡಿ. ತಿನ್ನಲು ಬಿಟ್ಟ ಕ್ರಿಕೆಟ್ ಹುಳಗಳು ಅಲ್ಲಿ ಅವಿತು ಚಿಗುರು ಕಡಿಯುತ್ತವೆ, ರಾತ್ರಿ ಮಲಗಿದ ಗೋಸುಂಬೆಯನ್ನೂ ಬಿಡುವುದಿಲ್ಲ.