ಗುಂಡು ಸಿಕ್ಕಿಕೊಂಡರೆ ನಾನು ಮೊದಲು ನೋಡುವುದು ಮ್ಯಾಗಜೀನ್

ಮಂಗಳೂರಿನಲ್ಲಿ ಪಾಯಿಂಟ್ 22 ಪಿಸ್ತೂಲಿನಲ್ಲಿ 25 ಮೀಟರ್ ಗುರಿ ಅಭ್ಯಾಸ ಮಾಡುತ್ತೇನೆ. ಸ್ಲೈಡ್, ಅಂದರೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಅರ್ಧದಲ್ಲಿ ನಿಂತರೆ ಹೆಚ್ಚಿನವರು ಪಿಸ್ತೂಲನ್ನೇ ಬೈಯುತ್ತಾರೆ. ನಾನು ಕಂಡಂತೆ ತೊಂದರೆ ಜಾಸ್ತಿ ಇರುವುದು ಮ್ಯಾಗಜೀನಿನಲ್ಲಿ, ಅಂದರೆ ಗುಂಡು ತುಂಬಿಡುವ ಪೆಟ್ಟಿಗೆಯಲ್ಲಿ.

ಸಿಕ್ಕಿಕೊಂಡ ಕೂಡಲೇ ಎಳೆದಾಡುವುದಿಲ್ಲ. ಬೆರಳು ಟ್ರಿಗರ್‌ನಿಂದ ಹೊರಗೆ, ನಳಿಗೆ ಗುರಿಯ ಕಡೆಗೇ. ಗುಂಡು ಎಲ್ಲಿ ನಿಂತಿದೆ ಅಂತ ಮೊದಲು ನೋಡುತ್ತೇನೆ, ಆಮೇಲೆ ಮ್ಯಾಗಜೀನ್ ತೆಗೆದು ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಮಾಡುತ್ತೇನೆ. ಆ ಒಂದು ನೋಟದಲ್ಲೇ ಅರ್ಧ ಉತ್ತರ ಸಿಗುತ್ತದೆ.

ಗುಂಡಿನ ಮೂತಿ ಕೆಳಗೆ ಕುತ್ತಿದ್ದರೆ ಮ್ಯಾಗಜೀನ್ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ತುಂಬಿದ ರೀತಿ ಸರಿ ಇರುವುದಿಲ್ಲ. ಪಾಯಿಂಟ್ 22 ತೋಟೆಯ (ಸೀಸ, ಮದ್ದು ಸೇರಿದ ಇಡೀ ಗುಂಡಿನ) ಬುಡದಲ್ಲಿ ಅಂಚು ಇದೆಯಲ್ಲ, ಮೇಲಿನ ತೋಟೆಯ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಮೂತಿ ಮೇಲಕ್ಕೆ ಎದ್ದಿದ್ದರೆ ಮ್ಯಾಗಜೀನಿನ ತುಟಿ, ಅಂದರೆ ಗುಂಡನ್ನು ಹಿಡಿದಿಡುವ ಮೇಲಿನ ಅಂಚು, ಅಗಲವಾಗಿದೆಯೋ ನೋಡಬೇಕು. ನನ್ನ ಮ್ಯಾಗಜೀನ್‌ಗಳಿಗೆ ನಂಬರ್ ಹಾಕಿದ್ದೇನೆ. ಒಂದೇ ನಂಬರಿನಲ್ಲಿ ಮತ್ತೆ ಮತ್ತೆ ಸಿಕ್ಕಿದರೆ ಬೇರೆ ಪತ್ತೇದಾರಿಕೆ ಬೇಡ.

ಗುಂಡು ಚೇಂಬರಿಗೆ ಹೋಗಿಯೂ ಸ್ಲೈಡ್ ಕೂದಲೆಳೆಯಷ್ಟು ಮುಚ್ಚದೆ ನಿಂತರೆ ಹೆಚ್ಚಾಗಿ ಕೊಳೆಯೇ ಕಾರಣ. ಈ ಗುಂಡುಗಳ ಸೀಸದ ಮೇಲೆ ಮೇಣ ಇಲ್ಲವೇ ಗ್ರೀಸ್ ಲೇಪ ಇರುತ್ತದೆ. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ ಮಳೆಗೆ ತುಕ್ಕು ಹಿಡಿಯುತ್ತದೆ ಅಂತ ಎಲ್ಲರೂ ಎಣ್ಣೆ ಸುರಿಯುತ್ತಾರೆ. ಮೇಣ, ಮದ್ದಿನ ಮಸಿ, ಎಣ್ಣೆ ಸೇರಿದರೆ ಗಟ್ಟಿ ಕೆಸರು! ಹೊರಮೈಗೆ, ಸ್ಲೈಡ್ ಜಾರುವ ದಾರಿಗೆ ತೆಳು ಎಣ್ಣೆ ಸಾಕು. ಚೇಂಬರ್ ಮತ್ತು ಮ್ಯಾಗಜೀನಿನ ಒಳಗೆ ಒಣಗಿರಲಿ.

ಮ್ಯಾಗಜೀನಿನಲ್ಲಿ ಗುಂಡಿದ್ದೂ ಸ್ಲೈಡ್ ಖಾಲಿ ಚೇಂಬರಿನ ಮೇಲೆ ಮುಚ್ಚಿದರೆ, ಮ್ಯಾಗಜೀನ್ ಪೂರ್ತಿ ಕೂತಿಲ್ಲ, ಅಥವಾ ಸ್ಲೈಡ್ ಸಾಕಷ್ಟು ಹಿಂದೆ ಹೋಗುತ್ತಿಲ್ಲ. ಆಗ ಒಂದೇ ಗುಂಡು ತುಂಬಿ ಹೊಡೆಯುತ್ತೇನೆ. ನನ್ನ ಪಿಸ್ತೂಲಿನ ಸ್ಲೈಡ್ ಕೊನೆಯ ಗುಂಡಿನ ನಂತರ ಹಿಂದೆ ನಿಲ್ಲಬೇಕು. ನಿಲ್ಲದಿದ್ದರೆ ಅದು ಸಾಕಷ್ಟು ಹಿಂದೆ ಹೋಗುತ್ತಿಲ್ಲ ಅಂತ ಬೇರೆ ಬಗೆಯ ತೋಟೆ ಹಾಕಿ ನೋಡುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಶಬ್ದ ಸಪ್ಪೆಯಾಗಿ ಬಂದರೆ ಮಾತ್ರ ಮುಂದಿನ ಗುಂಡು ಹೊಡೆಯಲೇಬಾರದು. ನಳಿಗೆಯಲ್ಲಿ ಸೀಸ ಉಳಿದಿರಬಹುದು. ತುಟಿ ಬಗ್ಗಿಸುವುದು, ಗುಂಡು ಜಾರುವ ಇಳಿಜಾರನ್ನು ಅರ ಹಾಕಿ ಉಜ್ಜುವುದು ನಾನು ಮಾಡುವುದಿಲ್ಲ, ಅದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ.